ಆಳು ಸಿಗಲ್ಲ ಅನ್ನೋ ಮಾತು

ನಮಸ್ಕಾರ ಕೇಳುಗರೆ.

ಹೋದ ತಿಂಗಳು ಮಂಡ್ಯದಲ್ಲೊಂದು ಮದುವೆ ಊಟಕ್ಕೆ ಕೂತಿದ್ದೆ, ಪಕ್ಕದಲ್ಲಿ ನಮ್ಮ ಸೋದರಮಾವ, ಎಂಬತ್ತರ ಹತ್ರ ವಯಸ್ಸು, ಎಲೆ ತುದೀಗೆ ಉಪ್ಪು ಬೀಳೋಕ್ ಮುಂಚೆನೇ ಶುರು ಹಚ್ಕೊಂಡ್ರು, "ದೇಶ ಕೆಟ್ಟೋಯ್ತು ಕಣಯ್ಯ, ಈಗಿನ್ ಹೈಕ್ಳು ಮೈ ಬಗ್ಸಲ್ಲ, ನಾಟಿಗೆ ಒಂದಾಳ್ ಸಿಕ್ಕಲ್ಲ, ಪುಗ್ಸಟ್ಟೆ ಅಕ್ಕಿ ತಿಂದ್ಕೊಂಡು ಅರಳಿಕಟ್ಟೆ ಮ್ಯಾಲೆ ಮೊಬೈಲ್ ಉಜ್ಕೊಂಡ್ ಕೂತವ್ರೆ" ಅಂತ. ಪಂಕ್ತಿಲಿದ್ದೋರೆಲ್ಲ ತಲೆ ಆಡಿಸಿದ್ರು, ನಾನೂ ಆಡಿಸ್ದೆ, ಊಟದ ಹೊತ್ನಲ್ಲಿ ವಾದ ಯಾಕೆ. ಆಮೇಲೆ ನೋಡ್ತೀನಿ, ಕೋಸಂಬರಿ ಬಡಿಸ್ತಾ ಬಂದ ಹುಡುಗನ ಕಣ್ಣು ಕೆಂಪಗಿದೆ. ಮಾತಾಡಿಸ್ದೆ. ಡಿಗ್ರಿ ಓದ್ತಾ ಇದಾನಂತೆ, ರಿಸೆಪ್ಷನ್ ಊಟ ಬಡಿಸಿ, ಪಾತ್ರೆ ಎತ್ತಿಟ್ಟು, ಎರಡು ಗಂಟೆ ಚೇರ್ ಮೇಲೆ ಮಲಗಿ, ನಾಲ್ಕಕ್ಕೆ ಎದ್ದು ಮತ್ತೆ ತಿಂಡಿಗೆ ನಿಂತಿದಾನೆ. ನಮ್ಮ ಮಾವ ಅವನ ಕೈಯಿಂದಾನೇ ಹಪ್ಪಳ ಇಸ್ಕೊಂಡು, ಅವನ ತಲೆಮಾರು ಸೋಮಾರಿ ಅಂತ ಮಾತು ಮುಂದುವರಿಸಿದ್ರು.

ನಂಗೆ ನಗು ಬಂದಿದ್ದು ಇನ್ನೊಂದಕ್ಕೆ. ಇದೇ ಮಾವ ಎಪ್ಪತ್ತರ ದಶಕದಲ್ಲಿ ಪವರ್ ಟಿಲ್ಲರ್ ತಂದಾಗ ನಮ್ಮ ತಾತ ಮೂರು ದಿನ ಮಾತು ಬಿಟ್ಟಿದ್ರು, ನೇಗಿಲು ಹಿಡಿಯೋಕ್ ಆಗ್ದಿರೋ ಕಳ್ಳಮೈ ಅಂತ. ತಾತನ್ನ ಅವರಪ್ಪ ಏನಂದಿದ್ರೋ, ಅದನ್ನ ಹೇಳೋಕೆ ಈಗ ಯಾರೂ ಇಲ್ಲ.

ಆದ್ರೆ ಆ ಮುತ್ತಾತನ ಕಾಲ ನಾವು ಅಂದ್ಕೊಂಡಂಗೆ ವರ್ಷಪೂರ್ತಿ ಬೆವರು ಸುರಿಸೋ ಕಾಲ ಏನಾಗಿರ್ಲಿಲ್ಲ. ಆಗ ಈ ಕಡೆ ಬಹುಪಾಲು ಮಳೆ ನಂಬಿದ ರಾಗಿ, ಹುರುಳಿ. ಸಂಕ್ರಾಂತಿ ಹೊತ್ಗೆ ಕಣದ ಕೆಲಸ ಮುಗೀತು ಅಂದ್ರೆ ಯುಗಾದಿ ಆಗಿ ಮಳೆ ಬೀಳೋವರ್ಗೂ ಜಗಲಿ, ಜಾತ್ರೆ, ಕೋಲಾಟ, ನೆಂಟರ ಮನೆ. ಯಾರೂ ಅದನ್ನ ಸೋಮಾರಿತನ ಅಂತಿರ್ಲಿಲ್ಲ. 1911ರಲ್ಲಿ ಕನ್ನಂಬಾಡಿ ಹತ್ರ ಕಟ್ಟೆ ಕೆಲಸ ಶುರುವಾಯ್ತು, ಸಿಮೆಂಟ್ ಬದ್ಲು ಸುಣ್ಣ, ಇಟ್ಟಿಗೆ ಪುಡಿ ಕಲಸಿದ ಸುರ್ಕಿ ಗಾರೆ ಹಾಕಿ ಸಾವಿರಾರು ಜನ ಇಪ್ಪತ್ತು ವರ್ಷ ಕಲ್ಲು ಹೊತ್ತು ಕಟ್ಟಿದ್ದು ಅದು, ವಿಶ್ವೇಶ್ವರಯ್ಯನವರ ಹೆಸರು ಎಲ್ರಿಗೂ ಗೊತ್ತು, ಕಲ್ಲು ಹೊತ್ತೋರ ಹೆಸರು ಅವರ ಮೊಮ್ಮಕ್ಕಳಿಗೂ ಗೊತ್ತಿಲ್ಲ, ಅದು ಬೇರೆ ಮಾತು ಬಿಡಿ. ನಾಲೆ ಬಂತು, 1933ರಲ್ಲಿ ಮೈಶುಗರ್ ಸಕ್ಕರೆ ಕಾರ್ಖಾನೆ ಬಂತು, ಭತ್ತ ಕಬ್ಬು ಅಂತ ವರ್ಷಕ್ಕೆ ಹನ್ನೆರಡು ತಿಂಗಳೂ ಗದ್ದೆ ಕರೆಯೋಕೆ ಶುರು ಮಾಡ್ತು. ಮಂಡ್ಯದೋರು ಶ್ರಮಜೀವಿಗಳು ಅಂತ ಭಾಷಣ ಬಿಗೀತೀವಲ್ಲ, ಆ ಗುಣ ರಕ್ತದಲ್ಲಿ ಬಂದದ್ದಲ್ಲ ಸ್ವಾಮಿ, ನಾಲೇಲಿ ಬಂದದ್ದು.

ಇನ್ನು ಈ ಪುಗ್ಸಟ್ಟೆ ಅಕ್ಕಿ ವಿಚಾರ. 2013ರಲ್ಲಿ ಅನ್ನಭಾಗ್ಯ ಶುರುವಾದಾಗ ಕೇಜಿಗೆ ಒಂದು ರೂಪಾಯಿ ಇತ್ತು, ಅವತ್ತಿಂದ ಇವತ್ತಿನವರ್ಗೂ ಟೀ ಅಂಗಡಿಗಳಲ್ಲಿ ಇದೇ ಕಂಪ್ಲೇಂಟು, ಅಕ್ಕಿ ಕೊಟ್ಟು ಜನಾನ ಕೆಡಿಸ್ಬಿಟ್ರು ಅಂತ. ನಾನು ಒಂದು ಕಥೆ ಹೇಳ್ತೀನಿ, ಹೇಳೋಕೆ ಸಂಕೋಚಾನೇ. ಮಾವನ ಮನೇಲಿ ನಾನು ಚಿಕ್ಕೋನಿದ್ದಾಗ ಒಬ್ರು ಆಳಿದ್ರು. ಕೋಳಿ ಕೂಗೋಕ್ ಮುಂಚೆ ಕೊಟ್ಟಿಗೆ ಬಾಚೋರು, ರಾತ್ರಿ ದನಕ್ಕೆ ಹುಲ್ಲು ಹಾಕಿದ್ಮೇಲೇ ಅವರಿಗೆ ಊಟ, ಅದೂ ಹಿತ್ತಲ ಬಾಗ್ಲಲ್ಲಿ. ವರ್ಷಕ್ಕಿಷ್ಟು ಭತ್ತ, ಒಂದ್ ಜೊತೆ ಬಟ್ಟೆ, ಒಂದು ಕಂಬ್ಳಿ. ಅವರಪ್ಪ ಮಾಡಿದ್ದ ಸಾಲಕ್ಕೆ ಅವರು ದುಡೀತಾ ಇದ್ರು. ನಮ್ಮ ಮಾವ ಈಗ್ಲೂ ನೆನೆಸ್ಕೋತಾರೆ, "ಎಂಥಾ ನಿಯತ್ತಿನ್ ಆಳು!" ಅಂತ. 1976ರ ಕಾಯ್ದೆ ಆ ನಿಯತ್ತಿಗೆ ಜೀತ ಅಂತ ಹೆಸರಿಟ್ಟು ನಿಷೇಧ ಮಾಡ್ತು. ಆ ಆಳಾಗಿದ್ದೋರ ಮಗ ಈಗ ಬೆಂಗಳೂರಲ್ಲಿ ಆಟೋ ಓಡಿಸ್ತಾರೆ, ದಿನಕ್ಕೆ ಹನ್ನೆರಡು ಗಂಟೆ. ನಮ್ಮ ಗದ್ದೆಗೆ ಕರೆದ್ರೆ ಬರಲ್ಲ. ಮನೇಲಿ ಅಕ್ಕಿ ಇದೆ, ಹಾಗಾಗಿ ಸರಿಯಾದ ಕೂಲಿ ಕೊಡದೇ ಇದ್ರೆ ಒಲ್ಲೆ ಅನ್ನೋ ಧೈರ್ಯ ಬಂದಿದೆ, ನಾವು ಅದಕ್ಕೆ ಸೋಮಾರಿತನ ಅಂತ ಹೆಸರಿಟ್ಕೊಂಡಿದೀವಿ, ಅಷ್ಟೇ.

ಕೆಲಸ ಎಲ್ಲೂ ಹೋಗಿಲ್ಲ, ನಮ್ಮ ಕಣ್ಮುಂದೆ ನಡೀತಿಲ್ಲ. ಬೆಳಗ್ಗೆ ಮಂಡ್ಯ ಸ್ಟೇಷನ್ನಲ್ಲಿ ಚಾಮುಂಡಿ ಎಕ್ಸ್‌ಪ್ರೆಸ್ ಹೊತ್ಗೆ ನಿಂತ್ಕೊಂಡು ನೋಡಿ, ಪಾಸ್ ಹಿಡ್ಕೊಂಡು ಡಬ್ಬಿ ಹೊತ್ಕೊಂಡು ನೂರು ಕಿಲೋಮೀಟರ್ ಹೋಗಿ ರಾತ್ರಿ ವಾಪಸ್ ಬರೋ ಜನ. ಹಳ್ಳಿ ಗೇಟುಗಳಲ್ಲಿ ಗಾರ್ಮೆಂಟ್ಸ್ ವ್ಯಾನಿಗೆ ಕಾಯೋ ಹೆಣ್ಮಕ್ಕಳು, ಅಡುಗೆ ಮಾಡಿಟ್ಟು, ಮಕ್ಕಳ ತಲೆ ಬಾಚಿ ಬಂದಿರ್ತಾರೆ, ಆ ಅಡುಗೆ ಯಾವ ಲೆಕ್ಕಕ್ಕೂ ಬರಲ್ಲ. ನಮ್ಮ ಆಲೆಮನೇಲಿ ಕೊಪ್ಪರಿಗೆ ಮುಂದೆ ನಿಂತು ಪಾಕ ತಿರುಗ್ಸೋರು ಉತ್ತರ ಪ್ರದೇಶ, ಬಿಹಾರದೋರು. ಅವರ ಊರಲ್ಲೂ ಯಾರೋ ಒಬ್ಬ ಮಾವ ಪಂಕ್ತೀಲಿ ಕೂತು "ಆಳೇ ಸಿಗಲ್ಲ" ಅಂತಿರ್ಬೇಕು.

2023ರ ಅಕ್ಟೋಬರಲ್ಲಿ ಇನ್ಫೋಸಿಸ್ ಕಟ್ಟಿದ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದಾಗ ದೇಶವೆಲ್ಲ ಗಲಾಟೆ ಆಯ್ತಲ್ಲ, ಅವರು ನಮ್ಮ ಮೈಸೂರಿನ ಎನ್‌ಐಇ ಇಂಜಿನಿಯರಿಂಗ್ ಕಾಲೇಜಲ್ಲಿ ಓದಿದೋರು, ದುಡಿದು ತೋರಿಸಿದೋರು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನಮ್ಮ ಫ್ಯಾಕ್ಟರಿ ಕಾಯ್ದೆ 1948ರಲ್ಲೇ ವಾರಕ್ಕೆ 48 ಗಂಟೆ ಸಾಕು ಅಂದಿತ್ತು, ಅದನ್ನ ಬರೆಸೋಕೆ ಎಷ್ಟು ಜನ ಮುಷ್ಕರ ಹೂಡಿ ಸಂಬಳ ಕಳ್ಕೊಂಡ್ರೋ. ಸ್ವಂತ ಕಂಪನಿಗೆ 70 ಗಂಟೆ ದುಡಿಯೋದೂ ಬೇರೆಯೋರ ಕಂಪನಿಗೆ 70 ಗಂಟೆ ದುಡಿಯೋದೂ ಒಂದೇ ಅಲ್ಲ ಅಂತ ಹೇಳೋಕೆ ದೊಡ್ಡ ಓದೇನೂ ಬೇಡ.

ಇಂಥ ಚರ್ಚೆ ಬಂದಾಗೆಲ್ಲ ಯಾರಾದ್ರೂ ಎದ್ದು ಕಾಯಕವೇ ಕೈಲಾಸ ಅಂದೇ ಅಂತಾರೆ. ಸರಿ. ಆದ್ರೆ ಬಸವಣ್ಣನವರ ಕಾಲದ ಶರಣ ಆಯ್ದಕ್ಕಿ ಮಾರಯ್ಯ ಒಂದಿನ ದಿನದ ಪಾಲಿಗಿಂತ ಜಾಸ್ತಿ ಅಕ್ಕಿ ಆಯ್ಕೊಂಡು ಬಂದಾಗ ಹೆಂಡ್ತಿ ಲಕ್ಕಮ್ಮ, ಇದು ನಮಗೆ ಬೇಡ, ವಾಪಸ್ ಸುರಿದು ಬಾ ಅಂತ ಕಳಿಸಿದ ಕಥೆ? ಅದನ್ನ ಮಾತ್ರ ಯಾವ ಮ್ಯಾನೇಜರೂ ಮೀಟಿಂಗಲ್ಲಿ ಹೇಳಿದ್ದು ನಾನು ಕೇಳಿಲ್ಲ.

ಹಾಗಂತ ಏನೂ ಕಡಿಮೆ ಆಗಿಲ್ಲ ಅಂತ ನಾನು ವಾದ ಮಾಡಲ್ಲ. ಒಂದು ಕಡಿಮೆ ಆಗಿದೆ. ಮುಯ್ಯಾಳು. ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು, ದುಡ್ಡಿನ ಮಾತಿಲ್ಲ, ಮಧ್ಯಾಹ್ನ ಮುದ್ದೆ ಸೊಪ್ಪಿನ ಸಾರು, ಪದ ಹೇಳ್ಕೊಂಡು ನಾಟಿ. ಕಾಲುವೆ ಹೂಳು ತೆಗೆಯೋಕೂ ಹಂಗೇ, ಮನೆಗೊಂದಾಳು ಗುದ್ದಲಿ ಹಿಡ್ಕೊಂಡು ಹೋಗೋರು. ಈಗ ಕಾಲುವೆಲಿ ಜೊಂಡು ಬೆಳೆದ್ರೆ ಇಂಜಿನಿಯರ್ ಬರ್ಲಿ, ಕಂಟ್ರಾಕ್ಟರ್ ಬರ್ಲಿ ಅಂತ ದಡದ ಮೇಲೆ ನಿಂತ್ಕೊಂಡು ಬಯ್ತೀವಿ. ಆದ್ರೆ ಇದನ್ನ ಬಿಟ್ಟೋರು ಈಗಿನ ಹುಡುಗ್ರಲ್ಲ. ಅವರು ಹುಟ್ಟೋ ಹೊತ್ಗೆ ಅದು ಮುಗ್ದೇ ಹೋಗಿತ್ತು.

ಊಟ ಮುಗೀತಾ ಬಂದಿತ್ತು, ಮಾವನ್ನ ಮೆಲ್ಲಗೆ ಕೇಳ್ದೆ, "ಮಾವ, ನೀವು ಕೊನೇ ಸಲ ಮುಯ್ಯಾಳಾಗಿ ಯಾರ ಗದ್ದೆಗೆ ಇಳಿದಿದ್ರಿ?" ಅಂತ. ಕೈ ಎಲೆ ಮೇಲೇ ನಿಂತ್ಬಿಡ್ತು. ತುಂಬಾ ಹೊತ್ತು ಯೋಚನೆ ಮಾಡಿ, "ಟಿಲ್ಲರ್ ತಂದ್ ವರ್ಸ ಇರ್ಬೇಕು ಕಣಪ್ಪ... ಇಲ್ಲ, ಅದ್ಕೂ ಹಿಂದ್ಲು ವರ್ಸ" ಅಂದ್ರು. ಆಮೇಲೆ ಆ ಕೆಂಪು ಕಣ್ಣಿನ ಹುಡುಗನ್ನ ಕರೆದು ಮಜ್ಜಿಗೆ ಹಾಕಿಸ್ಕೊಂಡು, "ನೀನ್ ಉಂಡ್ಯೇನ್ಲಾ?" ಅಂತ ಕೇಳಿದ್ರು. ಇನ್ನೂ ಇಲ್ಲ ತಾತ, ಇನ್ನೊಂದು ಪಂಕ್ತಿ ಇದೆ ಅಂದ ಅವನು.

ನಮಸ್ಕಾರ.