ಪೋರ್ಚುಗಲ್ ಬಲಕ್ಕೆ ಹೋಯ್ತು, ಗೋವಾ ಎಡಕ್ಕೇ ಉಳೀತು

ಇದು ವಾಸ್ಕೋ ಬಸ್ ಸ್ಟ್ಯಾಂಡ್. ಸ್ವಲ್ಪ ಹೊತ್ತು ನಿಂತ್ರೆ ಸಾಕು, ಕೊಂಕಣಿ ನಡುವೆ ಬಾಗಲಕೋಟೆ, ಗದಗ ಕಡೆಯ ಕನ್ನಡಾನೂ ಕಿವಿಗೆ ಬೀಳುತ್ತೆ. ಪಣಜಿ ಬಸ್ಸು ಬಂತು ನೋಡಿ. ನಿಲ್ಲೋದಕ್ಕೂ ಮುಂಚೆ ಕಂಡಕ್ಟರ್ ಒಂದು ಕಾಲು ಕೆಳಗಿಟ್ಟಾಯ್ತು. ಬಾಗಿಲು ಎಡಗಡೆ, ಫುಟ್‌ಪಾತ್ ಕಡೆ. ಆ ಬಾಗಿಲನ್ನ ಗಮನದಲ್ಲಿಟ್ಟುಕೊಳ್ಳಿ.

ಗೋವಾವನ್ನ ಪೋರ್ಚುಗೀಸರು 1961ರ ಡಿಸೆಂಬರ್‌ವರೆಗೂ ಆಳಿದ್ರು. ಅವರ ದೇಶದಲ್ಲಿ 1928ರಲ್ಲೇ ಎಡಗಡೆ ಓಡಿಸೋದು ಬಿಟ್ಟು ಬಲಗಡೆ ಶುರುವಾಯ್ತು. ಅವರದೇ ವಸಾಹತು ಅಂಗೋಲಾನೂ ಬಲಕ್ಕೆ ಹೋಯ್ತು. ಆದ್ರೆ ಗೋವಾ ಹೋಗಲಿಲ್ಲ! ಯಾಕಂದ್ರೆ ಗಡಿಯಾಚೆ ಬ್ರಿಟಿಷ್ ಇಂಡಿಯಾ, ಅಲ್ಲೆಲ್ಲ ಎಡಗಡೆ. ಅವರ ಕೈಯಲ್ಲೇ ಇದ್ದ ಮೊಜಾಂಬಿಕ್, ಮಕಾವ್ ಕೂಡ ಹೀಗೇ ನೆರೆಯವರನ್ನ ನೋಡಿ ಎಡಕ್ಕೇ ಉಳಿದವು. ಹುಕುಂ ಲಿಸ್ಬನ್‌ನಿಂದ ಬರ್ತಿದ್ರೂ ರಸ್ತೆ ನಡೆದಿದ್ದು ನೆರೆಯವರ ಪ್ರಕಾರ. ಇಲ್ಲಿನ ಚರ್ಚು, ಪಾವ್, ಬಾಲ್ಕನಿ ಬಗ್ಗೆ ಎಲ್ಲರೂ ವಿಡಿಯೋ ಮಾಡ್ತಾರೆ, ನನಗೆ ಮಜಾ ಅನಿಸಿದ್ದು ಇದು.

ಇಲ್ಲೇ ವಾಸ್ಕೋದ ಬೈನಾದಲ್ಲಿ ಚಹಾ ಕುಡೀತಾ ಒಬ್ಬ ಕಾಕಾಗೆ ಇದನ್ನೇ ಹೇಳಿದೆ. ಬಾದಾಮಿ ಕಡೆಯವರು, ವರ್ಷಗಟ್ಟಲೆ ಇಲ್ಲಿ ಬಸ್ ಓಡಿಸಿದವರು. "ಈಗ ಎಲ್ಲಾರೂ ಬಲಕ್ಕ ಹೋಗ್ರಿ ಅಂದ್ರ ಏನ್ ಮಾಡ್ತೀರಿ ಕಾಕಾ?" ಅಂತ ಕೇಳಿದ್ರೆ, "ಸ್ಟೇರಿಂಗ್ ಬಿಡೋ ತಮ್ಮಾ, ಬಾಗಲಾ ಏನ್ ಮಾಡೂದು? ಮಂದಿ ನಡು ರಸ್ತೆದಾಗ ಇಳೀಬೇಕೇನ?" ಅಂದ್ರು.

ಮ್ಯಾನ್ಮಾರ್‌ನಲ್ಲಿ ಆಗಿದ್ದೂ ಅದೇ. 1970ರಲ್ಲಿ ಎಡದಿಂದ ಬಲಕ್ಕೆ ಬದಲಾಯಿಸಿದ್ರು. ಆದರೆ ಆಮೇಲೂ ಎಡಗಡೆ ಓಡಿಸೋ ಜಪಾನಿನ ಹಳೇ ಗಾಡಿಗಳೇ ಬರ್ತಾ ಇದ್ವು, ಬಾಗಿಲು ಎಡಗಡೆ ಇರೋ ಬಸ್ಸುಗಳೂ ಸೇರಿ. ಜನ ಇಳಿದ್ರೆ ಎದುರಿಗೆ ಗಾಡಿಗಳ ಸಾಲು.

ಸ್ವೀಡನ್ ಕಥೆ ಬೇರೆ. 1955ರಲ್ಲಿ ಎಡದಿಂದ ಬಲಕ್ಕೆ ಹೋಗೋಣ್ವಾ ಅಂತ ಜನರನ್ನೇ ಕೇಳಿದ್ರು, ಶೇಕಡಾ 83ರಷ್ಟು ಮಂದಿ ಬೇಡ ಅಂದ್ರು. ಆದ್ರೂ 1963ರಲ್ಲಿ ಸಂಸತ್ತು ಬಲಗಡೆ ಅಂತ ತೀರ್ಮಾನ ಮಾಡ್ತು. ಪಕ್ಕದ ನಾರ್ವೆ, ಫಿನ್ಲೆಂಡ್ ಎರಡೂ ಬಲಗಡೆ, ಮತ್ತೆ ನೆರೆಯವರೇ! ಸ್ವೀಡನ್ನಿನ ಬಹುಪಾಲು ಕಾರುಗಳಲ್ಲೂ ಸ್ಟೇರಿಂಗ್ ಆಗಲೇ ಎಡಕ್ಕಿತ್ತು. ಹಾಲಿನ ಪೊಟ್ಟಣದಿಂದ ಹಿಡಿದು ಒಳಉಡುಪಿನವರೆಗೂ ಬದಲಾವಣೆಯ ಲಾಂಛನ ಅಚ್ಚು ಹಾಕಿದ್ರಂತೆ. 1967ರ ಸೆಪ್ಟೆಂಬರ್ 3, ಭಾನುವಾರ ಬೆಳಗಿನ ಜಾವ 4:50ಕ್ಕೆ ರಸ್ತೆ ಮೇಲಿದ್ದ ಗಾಡಿಗಳೆಲ್ಲ ನಿಂತವು. ನಿಧಾನವಾಗಿ ಬಲಕ್ಕೆ ಸರಿದವು. 5 ಗಂಟೆಗೆ ಹೊರಟವು. ಆಮೇಲೆ ಸ್ವಲ್ಪ ಕಾಲ ಅಪಘಾತ ಕಮ್ಮಿಯಾದವು, ಎಲ್ಲರೂ ಹೆದರಿಕೊಂಡೇ ಓಡಿಸ್ತಿದ್ರಲ್ಲ! ಅಭ್ಯಾಸ ಆಗ್ತಿದ್ದ ಹಾಗೆ ಲೆಕ್ಕ ಮತ್ತೆ ಹಳೇ ಮಟ್ಟಕ್ಕೇ ಬಂತು.

ಮತ್ತೆ ಕಾಕಾ ಹೇಳಿದ ಬಾಗಿಲು? ಎಷ್ಟೋ ಬಸ್ಸುಗಳಿಗೆ ಬಲಗಡೆ ಹೊಸ ಬಾಗಿಲು ಕೊರೆದ್ರು. ಮಾಲ್ಮೋ, ಗೋಥೆನ್‌ಬರ್ಗ್ ನಗರಗಳು ಹಳೇ ಬಸ್ಸುಗಳನ್ನ ಎಡಗಡೆ ಓಡಿಸೋ ಪಾಕಿಸ್ತಾನ, ಕೀನ್ಯಾಗೆ ಕಳಿಸಿಬಿಟ್ಟವು. ಸ್ಟಾಕ್‌ಹೋಮ್‌ನಲ್ಲಿ ಟ್ರಾಮ್‌ಗಳೇ ಹೆಚ್ಚುಕಮ್ಮಿ ಮುಗಿದುಹೋದವು.

ಬಲದಿಂದ ಎಡಕ್ಕೆ ಬಂದವರೂ ಇದ್ದಾರೆ. ಪೆಸಿಫಿಕ್ ಸಾಗರದ ಸಮೋವಾ, 2009ರ ಸೆಪ್ಟೆಂಬರ್ 7. ಎಡಗಡೆ ಓಡಿಸೋ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಿಂದ ಸೆಕೆಂಡ್ ಹ್ಯಾಂಡ್ ಕಾರು ಅಗ್ಗಕ್ಕೆ ಸಿಗಲಿ ಅಂತ. ಜನರಿಗೆ ಎರಡು ದಿನ ರಜೆ ಕೊಟ್ಟು, ಮೂರು ದಿನ ಮದ್ಯ ಮಾರಾಟ ಬಂದ್ ಮಾಡಿದ್ರು.

ಇದನ್ನ ಕೇಳಿ ಕಾಕಾ ಚಹಾ ಲೋಟ ಕೆಳಗಿಟ್ರು. "ಗೋವಾದಾಗ ಮೂರು ದಿನಾ ದಾರು ಬಂದ್? ಹಂಗಾದ್ರ ಇಲ್ಲಿ ಸೈಡ್ ಬದಲಾಗೂದಿಲ್ಲ, ಬಿಡ."