ಸೈಕಲ್ ಹಿಂದೆ ಅಲ್ಲ, ಮುಂದೆ ಇರಿ

ಎಲ್ರಿಗೂ ನಮಸ್ಕಾರ. ಇಲ್ಲಿ ಸೈಕಲ್ ತುಳಿಯೋರೇ ಜಾಸ್ತಿ ಕೂತಿದೀರಿ, ಆದ್ರೆ ನಾನು ಮಾತಾಡ್ತಿರೋದು ನಿಮ್ಮ ಹತ್ರ ಅಲ್ಲ, ನಿಮ್ಮ ಪಕ್ಕದಲ್ಲಿ "ನನ್ನನ್ಯಾಕಪ್ಪ ಎಳ್ಕೊಂಡ್ ಬಂದ್ರು" ಅಂತ ಕೂತಿರೋ ಗಂಡಂದಿರು, ಹೆಂಡ್ತೀರ ಹತ್ರ. ನನ್ನ ಹೆಂಡ್ತಿ ಲಾಂಗ್ ರೈಡ್ ಮಾಡ್ತಾಳೆ, ನಾನು ತಿಂಡಿ, ನೀರು, ಸಾಮಾನು ಇಟ್ಕೊಂಡು ಅವಳ ಸಪೋರ್ಟಿಗೆ ಕಾರ್ ಓಡಿಸ್ತೀನಿ, ಇವತ್ತಿನ ಮಾತೂ ಅದರ ಬಗ್ಗೇನೇ, ಸೈಕಲ್ ಬಗ್ಗೆ ನಂಗೆ ಅಷ್ಟಕ್ಕಷ್ಟೇ.

ಸಪೋರ್ಟ್ ಅಂದ ತಕ್ಷಣ ಜನ ಸೈಕಲ್ ಬೆನ್ನಿಗೇ ಕಾರ್ ಹಾಕ್ಕೊಂಡು ನಿಧಾನಕ್ಕೆ ಹೋಗೋದು ಅನ್ಕೋತಾರೆ. ದಯವಿಟ್ಟು ಬೇಡ. ಹಳ್ಳಿ ಕಡೆ ರೋಡು ಕಿರಿದು, ತಿರುವು ಜಾಸ್ತಿ, ಹಿಂದಿಂದ ಬರೋ ಟ್ರ್ಯಾಕ್ಟರ್‌ನವನು ನಿಮ್ಮನ್ನೂ ಸೈಕಲ್ಲನ್ನೂ ಒಟ್ಟಿಗೆ ದಾಟಬೇಕು, ಅಲ್ಲೇ ಅಪಾಯ ಇರೋದು. ತುಳಿಯೋರಿಗಂತೂ ಇಡೀ ದಿನ ಕಿವಿ ಹತ್ರ ಇಂಜಿನ್ ಸದ್ದು. ರೇಸ್ ಅಕ್ರಾಸ್ ಅಮೆರಿಕ ಅಂತ ಒಂದು ಸೈಕಲ್ ರೇಸ್ ಇದ್ಯಲ್ಲ, 1982ರಲ್ಲಿ ಶುರುವಾಗಿದ್ದು, ಸುಮಾರು 4800 ಕಿ.ಮೀ., ಅಲ್ಲಿ ರಾತ್ರಿ ಹಿಂದೆ ಗಾಡಿ ಇರ್ಲೇಬೇಕು ಅಂತ ರೂಲ್ ಇದೆ ನಿಜ, ಆದ್ರೆ ಅದು ಪಾಳಿ ಮೇಲೆ ಡ್ರೈವ್ ಮಾಡೋ ಒಂದು ತಂಡದ ಕೆಲ್ಸ. ಫ್ರಾನ್ಸ್‌ನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಲಾಂಗ್ ರೈಡ್ ಇದಕ್ಕೆ ಪೂರ್ತಿ ಉಲ್ಟಾ, 1200 ಕಿ.ಮೀ., ಹೆಚ್ಚಂದ್ರೆ 90 ಗಂಟೆ, ಕಂಟ್ರೋಲ್ ಪಾಯಿಂಟ್, ಅಂದ್ರೆ ಸವಾರರು ಬಂದ್ರು ಅಂತ ದಾಖಲೆ ಮಾಡ್ಕೊಳೋ ಜಾಗ, ಅದು ಬಿಟ್ಟು ಬೇರೆಲ್ಲೂ ನೀವು ಸಹಾಯ ಮಾಡೋ ಹಾಗಿಲ್ಲ. ಬ್ರೆವೆ ಅಂತಾರಲ್ಲ, ಗೊತ್ತುಪಡಿಸಿದ ಟೈಮೊಳಗೆ ಮುಗಿಸೋ 200, 300 ಕಿ.ಮೀ. ರೈಡುಗಳು, ಅಲ್ಲೂ ಇದೇ ರೂಲು. ಸೋ, ದಾರಿ ಮಧ್ಯೆ ಪ್ರೀತಿ ಉಕ್ಕಿ ಒಂದು ಬಾಟ್ಲಿ ನೀರು ಕೊಟ್ರೆ ಅವರಿಗೇ ಪೆನಾಲ್ಟಿ ಬೀಳ್ಬೋದು, ಹುಷಾರು.

ನಿಮ್ಮದೇ ಟೂರ್ ಆದ್ರೆ 25-30 ಕಿ.ಮೀ. ಮುಂದೆ ಹೋಗಿ ಕಾಯಿರಿ. ಅದು ಸಮತಟ್ಟು ರೋಡಲ್ಲಿ ಒಂದೂವರೆ ಗಂಟೆ ಆಗ್ಬೋದು, ಎದುರುಗಾಳಿ ಬೀಸಿದ್ರೆ ಎರಡೂವರೆ, ಅದಕ್ಕೇ ಲೇಟಾಯ್ತು ಅಂತ ಗಾಬರಿ ಬೀಳ್ಬೇಡಿ, ಮೊದ್ಲು ಗಾಳಿ ಯಾವ ಕಡೆಯಿಂದ ಬೀಸ್ತಿದೆ ನೋಡಿ. ಎಲ್ಲಿ ನಿಲ್ಲಿಸ್ತೀರಿ ಅನ್ನೋದು ಇನ್ನೂ ಮುಖ್ಯ. ಏರು ಅರ್ಧ ಹತ್ತಿದ ಮೇಲೆ ನಿಲ್ಲಿಸಿದ್ರೆ ಮತ್ತೆ ಶುರು ಮಾಡೋಕೆ ಪ್ರಾಣ ಹೋಗುತ್ತೆ. ಇಳಿಜಾರಿನ ಕೆಳಗಡೆ ನಿಲ್ಲಿಸಿದ್ರೆ ಪುಕ್ಕಟೆ ಸಿಕ್ಕ ಸ್ಪೀಡೆಲ್ಲ ಬ್ರೇಕಿಗೆ ಹೋಯ್ತು, ಬೈಗುಳ ಗ್ಯಾರಂಟಿ. ಏರಿನ ತುದಿ ಬೆಸ್ಟು, ಬೆವರಿದ ಮೈಗೆ ಇಳಿಯುವಾಗ ಗಾಳಿ ಹೊಡೆದು ಚಳಿ ಹಿಡಿಯೋ ಮುಂಚೆ ಜಾಕೆಟ್ ಕೊಡ್ಬೋದು. ಅವರು ಹೋಗೋ ಬದಿಗೇ, ದೂರದಿಂದ ಕಾಣೋ ಹಾಗೆ, ಟಾರ್ ಬಿಟ್ಟು ಪೂರ್ತಿ ಕೆಳಗಿಳಿಸಿ ನಿಲ್ಲಿಸಿ. ಯಾರದೋ ಹೊಲದ ಗೇಟಿಗೆ ಅಡ್ಡ ಬೇಡ.

ಬಂದು ನಿಂತ ತಕ್ಷಣ "ಏನ್ ಬೇಕು? ಬಾಳೆಹಣ್ಣಾ, ಬಿಸ್ಕೆಟ್ಟಾ? ಎಷ್ಟೊತ್ತು ನಿಲ್ತೀಯ?" ಅಂತ ಶುರು ಹಚ್ಕೋಬೇಡಿ. ಆರು ಗಂಟೆ ತುಳಿದೋರಿಗೆ ಕಾಲಿಗಿಂತ ಮುಂಚೆ ತಲೆ ಸುಸ್ತಾಗಿರುತ್ತೆ, ಎರಡು ಹಣ್ಣಲ್ಲಿ ಒಂದು ಆರಿಸೋದೂ ಕಷ್ಟ. ಕೇಳ್ಬೇಡಿ, ಕೈಗೆ ಕೊಡಿ. ಲೆಕ್ಕ ನೀವಿಟ್ಕೊಳಿ. ಲಾಂಗ್ ರೈಡಲ್ಲಿ ಗಂಟೆಗೆ ಸುಮಾರು 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗ್ತಿರ್ಬೇಕು, ಅಭ್ಯಾಸ ಇರೋರು 90 ಗ್ರಾಂವರೆಗೂ ತಡ್ಕೋತಾರೆ. ಸ್ನಾಯು, ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆ, ಅಂದ್ರೆ ಗ್ಲೈಕೋಜನ್, ಖಾಲಿಯಾದ್ರೆ ಒಮ್ಮೆಲೇ ಶಕ್ತಿ ಉಡುಗುತ್ತೆ, ಅದಕ್ಕೇ ಬಾಂಕ್ ಆಗೋದು ಅನ್ನೋದು, ಕೈ ನಡುಗುತ್ತೆ, ಸುಮ್‌ಸುಮ್ನೆ ಸಿಟ್ಟು, ಅಳು. ಆಗ ಜಗಳಕ್ಕೆ ಉತ್ತರ ಕೊಡ್ಬೇಡಿ, ಸಕ್ಕರೆ ಕೊಡಿ. ಮಧ್ಯಾಹ್ನದ ಮೇಲೆ ಸಿಹಿ ಕಂಡ್ರೇ ವಾಕರಿಕೆ ಬರುತ್ತೆ, ಉಪ್ಪುಪ್ಪಾಗಿರೋದು ಏನಾದ್ರೂ ಇಟ್ಟಿರಿ. ಬರೀ ನೀರು ಲೀಟರ್‌ಗಟ್ಲೆ ಕುಡಿಸೋದೂ ತಪ್ಪು, ರಕ್ತದಲ್ಲಿ ಸೋಡಿಯಂ ಇಳಿದು ಪ್ರಾಣಕ್ಕೇ ಕುತ್ತು ಬರ್ಬೋದು.

ಸಾಮಾನಿನ ವಿಷ್ಯ ಬೇಗ ಮುಗಿಸ್ತೀನಿ. ಟ್ಯೂಬು, ದೊಡ್ಡ ಪಂಪು, ಚೈನಿನ ಕ್ವಿಕ್ ಲಿಂಕು, ಬ್ಯಾಟರಿ ಲೈಟು ಎಲ್ರೂ ಇಟ್ಕೋತಾರೆ. ಮರೆಯೋದು ಡಿರೈಲರ್ ಹ್ಯಾಂಗರ್, ಹಿಂದಿನ ಗೇರ್ ಬದಲಾಯಿಸೋ ಭಾಗವನ್ನ ಫ್ರೇಮಿಗೆ ಸೇರಿಸೋ ಚಿಕ್ಕ ಲೋಹದ ತುಂಡು. ಅದು ಒಂದೊಂದು ಫ್ರೇಮಿಗೆ ಒಂದೊಂಥರ, ಮುರಿದ್ರೆ ಹಳ್ಳಿ ಅಂಗಡೀಲಿ ಸಿಗಲ್ಲ. ಮ್ಯಾಪ್ ಆಫ್‌ಲೈನ್ ಡೌನ್‌ಲೋಡ್ ಮಾಡ್ಕೊಳಿ, ನೆಟ್‌ವರ್ಕ್ ಇಲ್ದಿದ್ರೆ ಏನ್ ಮಾಡೋದು ಅಂತ ಬೆಳಿಗ್ಗೇನೇ ಮಾತಾಡ್ಕೊಳಿ. ನಮ್ಮನೇಲಿ ರೂಲ್ ಸಿಂಪಲ್ಲು, ಅವಳು ರೂಟ್ ಬಿಡಲ್ಲ, ಹೇಳಿದ ಟೈಮಿಗಿಂತ ಒಂದು ಗಂಟೆ ಮೇಲಾದ್ರೆ ನಾನು ಅದೇ ರೂಟಲ್ಲಿ ವಾಪಸ್ ಬರ್ತೀನಿ. ಇಬ್ರೂ ಶಾರ್ಟ್‌ಕಟ್ ಹಿಡಿದ್ರೆ ಹುಡುಕೋರು ಯಾರು?

ಇನ್ನು ನಿಮ್ಮ ನಿದ್ದೆ. ಕಾಯೋದೇ ಕೆಲ್ಸ ಆದ್ರಿಂದ ನಾವೇನೂ ಮಾಡಿಲ್ಲ ಅನ್ಸುತ್ತೆ, ಆದ್ರೆ ತೂಕಡಿಸೋ ಡ್ರೈವರ್ ಸುಸ್ತಾದ ಸೈಕ್ಲಿಸ್ಟ್‌ಗಿಂತ ಡೇಂಜರ್. ಅವರು ಬರೋಕೆ ಇನ್ನೂ ಒಂದು ಗಂಟೆ ಇದ್ರೆ ಅಲಾರಂ ಇಟ್ಟು ಮಲಗಿ, ಯಾರೂ ಏನೂ ಅನ್ಕೊಳಲ್ಲ.

ಕೊನೇದು, ನಿಲ್ಲಿಸೋದು ಯಾವಾಗ. ಏರಿನ ಬುಡದಲ್ಲಿ "ಸಾಕಾ? ಕಾರ್ ಹತ್ತಿಬಿಡ್ತೀಯಾ?" ಅಂತ ಕೇಳೋದು ಸಪೋರ್ಟ್ ಅಲ್ಲ, ಪಾಪ ಆಗ ಯಾರಾದ್ರೂ ಹೂಂ ಅಂದ್ಬಿಡ್ತಾರೆ. ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯೋದು ಮಾಮೂಲಿ, ಹ್ಯಾಂಡಲ್ ಒತ್ತಿ ಅಂಗೈ ನರ ನಲುಗಿರುತ್ತೆ, ಹಿಡಿತ ಬದಲಾಯಿಸೋಕೆ ಹೇಳಿ ಸಾಕು. ಆದ್ರೆ ಮಾತು ತೊದಲೋಕೆ ಶುರುವಾದ್ರೆ, ಸೈಕಲ್ ಗೆರೆ ಬಿಟ್ಟು ಓಲಾಡಿದ್ರೆ, ಬಿಸಿಲಲ್ಲಿ ತುಳಿದೋರು ಗೊತ್ತಿರೋ ಊರ ಹೆಸ್ರೂ ಗೊಂದಲ ಮಾಡ್ಕೊಂಡ್ರೆ ಅಲ್ಲಿಗೆ ರೈಡ್ ಮುಗೀತು. ನೆರಳಿಗೆ ತನ್ನಿ, ಮೈಗೆ ನೀರು ಹಾಕಿ ತಣ್ಣಗೆ ಮಾಡಿ, ಡಾಕ್ಟರ್‌ಗೆ ತೋರಿಸಿ. ಈ ಅಧಿಕಾರ ನಿಮಗಿದೆ ಅಂತ ಹೊರಡೋ ಮುಂಚೆನೇ ಅವರ ಬಾಯಲ್ಲೇ ಒಪ್ಪಿಸ್ಕೊಂಡಿರಿ, ರೋಡಲ್ಲಿ ನಿಂತು ವಾದ ಮಾಡೋಕೆ ಟೈಮಿರಲ್ಲ.

ಪ್ರಶ್ನೆಗಳಿದ್ರೆ ಕೇಳಿ. ಗೇರು, ಟೈರ್ ಪ್ರೆಶರ್ ಅಂತ ಕೇಳೋರು ಹಿಂದಿನ ಸಾಲಲ್ಲಿ ನನ್ನ ಹೆಂಡ್ತಿ ಕೂತಿದಾಳೆ, ಅವಳನ್ನ ಕೇಳಿ.