ಅರ್ಧ ಪೆನ್ನಿಯ ಸೇತುವೆ

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಐರ್ಲೆಂಡಿನ ರಾಜಧಾನಿ ಡಬ್ಲಿನ್ ನಗರದ ಒಂದು ಸೇತುವೆ. ಆದರೆ ಮಾತನ್ನು ಶ್ರೀರಂಗಪಟ್ಟಣದಿಂದಲೇ ಆರಂಭಿಸುತ್ತೇನೆ. ಅಲ್ಲಿ ಕಾವೇರಿಯ ಉತ್ತರದ ಕವಲಿಗೆ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ ಕಲ್ಲಿನ ಸೇತುವೆಯನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. 1804ರಲ್ಲಿ ಮುಗಿದ ಆ ಸೇತುವೆಗೆ ಆಗಿನ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯ ಹೆಸರಿಟ್ಟರು. ಅವನ ತಮ್ಮ ಆರ್ಥರ್ ವೆಲ್ಲೆಸ್ಲಿ, 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಪಟ್ಟಣದ ಆಡಳಿತ ವಹಿಸಿಕೊಂಡು ದರಿಯಾ ದೌಲತ್‌ನಲ್ಲಿ ವಾಸವಾಗಿದ್ದವನು. ಅದೇ ಆರ್ಥರ್ ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎನಿಸಿಕೊಂಡು 1815ರಲ್ಲಿ ವಾಟರ್ಲೂ ಕಾಳಗವನ್ನು ಗೆದ್ದ. ಮರುವರ್ಷ ಅವನು ಹುಟ್ಟಿದ ಡಬ್ಲಿನ್‌ನಲ್ಲಿ ಲಿಫಿ ನದಿಗೆ ಹೊಸದೊಂದು ಸೇತುವೆಯಾಯಿತು, ಅದಕ್ಕೆ ವೆಲ್ಲಿಂಗ್ಟನ್ ಸೇತುವೆ ಎಂದು ಹೆಸರಾಯಿತು. ಅಣ್ಣನ ಹೆಸರಿನದು ಕಾವೇರಿಯ ಮೇಲೆ, ತಮ್ಮನ ಹೆಸರಿನದು ಲಿಫಿಯ ಮೇಲೆ, ನಡುವೆ ಹನ್ನೆರಡೇ ವರ್ಷ.

ಇಂದು ಡಬ್ಲಿನ್‌ನಲ್ಲಿ ಯಾರನ್ನಾದರೂ ನಿಲ್ಲಿಸಿ ವೆಲ್ಲಿಂಗ್ಟನ್ ಸೇತುವೆ ಎಲ್ಲಿ ಎಂದು ಕೇಳಿದರೆ ತಿಳಿಯುವುದಿಲ್ಲ. ಸರ್ಕಾರಿ ದಾಖಲೆಯಲ್ಲಿರುವ ಲಿಫಿ ಸೇತುವೆ ಎಂಬ ಹೆಸರನ್ನು ಹೇಳಿದರೂ ಕ್ಷಣಕಾಲ ಯೋಚಿಸುತ್ತಾರೆ. ಹೇಪೆನ್ನಿ ಬ್ರಿಡ್ಜ್ ಎಂದರೆ ಮಾತ್ರ ತಕ್ಷಣ ಕೈ ತೋರಿಸುತ್ತಾರೆ. ಹೇಪೆನ್ನಿ ಎಂದರೆ ಅರ್ಧ ಪೆನ್ನಿ, ನಮ್ಮ ಲೆಕ್ಕದಲ್ಲಿ ಅರೆಕಾಸು ಅನ್ನಿ.

ಈ ಅರೆಕಾಸಿನ ಕಥೆ ದೋಣಿಗಳಿಂದ ಶುರುವಾಗುತ್ತದೆ. ನಗರದ ಆ ಭಾಗದಲ್ಲಿ ವಿಲಿಯಂ ವಾಲ್ಷ್ ಎಂಬಾತ ಏಳು ದೋಣಿಗಳನ್ನು ನಡೆಸುತ್ತಿದ್ದ. ದೋಣಿಗಳು ಹಳತಾಗಿ ಕೆಟ್ಟಿದ್ದವು. ದೋಣಿಗಳನ್ನು ಸರಿಪಡಿಸು, ಇಲ್ಲವೇ ಸೇತುವೆ ಕಟ್ಟಿಸು ಎಂದು ನಗರದವರು ಪಟ್ಟು ಹಿಡಿದರು. ವಾಲ್ಷ್ ಸೇತುವೆಯನ್ನೇ ಆರಿಸಿಕೊಂಡ. ನೂರು ವರ್ಷ ದಾಟುವವರಿಂದ ಸುಂಕ ವಸೂಲಿ ಮಾಡುವ ಹಕ್ಕು ಅವನಿಗೆ ಸಿಕ್ಕಿತು. ದೋಣಿಗೆ ಕೊಡುತ್ತಿದ್ದ ಅರ್ಧ ಪೆನ್ನಿಯೇ ಸೇತುವೆಗೂ ನಿಗದಿಯಾಯಿತು. ಆ ಕರಾರಿನಲ್ಲಿ ನನಗೆ ಬಹಳ ಮೆಚ್ಚುಗೆಯಾದ ಒಂದು ಷರತ್ತಿದೆ. ಮೊದಲ ವರ್ಷದೊಳಗೆ ಊರಿನವರಿಗೆ ಸೇತುವೆಯೋ ಸುಂಕವೋ ಹಿಡಿಸದಿದ್ದರೆ, ನಗರಕ್ಕೆ ಒಂದು ಕಾಸೂ ಖರ್ಚಿಲ್ಲದಂತೆ ಅದನ್ನು ಕಿತ್ತುಹಾಕಬೇಕು! ಕಟ್ಟುವವನ ಮೇಲೆ ನಡೆಯುವವರಿಗೆ ಇಷ್ಟು ಅಧಿಕಾರ ಕೊಟ್ಟ ಕರಾರನ್ನು ನಮ್ಮ ಕಾಲದಲ್ಲಿ ನಾನು ಕಂಡಿಲ್ಲ. ಊರಿನವರು ಕಿತ್ತುಹಾಕಿಸಲಿಲ್ಲ.

ಕಟ್ಟಲು ತಗಲಿದ್ದು ಸುಮಾರು 3,000 ಪೌಂಡ್. ಒಂದು ಪೌಂಡಿಗೆ 480 ಅರ್ಧ ಪೆನ್ನಿ. ಅಂದರೆ ಹಾಕಿದ ಬಂಡವಾಳ ಕೈಸೇರಬೇಕಾದರೇ 14,40,000 ಬಾರಿ ಯಾರಾದರೂ ಆ ಸೇತುವೆಯನ್ನು ದಾಟಬೇಕು. ಎರಡೂ ತುದಿಯಲ್ಲಿ ತಿರುಗುಗೇಟು ಇತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ನಡೆಯುವುದಿಲ್ಲ ಎಂಬುದು ಅಲ್ಲೂ ನಿಜವೇ. ಕಿಸೆಯಲ್ಲಿ ನಾಣ್ಯವಿಲ್ಲದವರು ಪೂರ್ವಕ್ಕೋ ಪಶ್ಚಿಮಕ್ಕೋ ನಡೆದು, ಪಕ್ಕದ ಕಲ್ಲಿನ ಸೇತುವೆಯನ್ನು ಬಳಸಿಕೊಂಡು ಹೋಗಬೇಕಿತ್ತು. ನಡುವೆ ಕೆಲವು ಕಾಲ ಸುಂಕ ಒಂದೂವರೆ ಪೆನ್ನಿಗೆ ಏರಿದ್ದೂ ಉಂಟು. 1919ರಲ್ಲಿ ಸುಂಕ ನಿಂತಿತು, ಗೇಟುಗಳು ಹೋದವು. ನಾಣ್ಯದ ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು. ದಿನವೂ ಕಿಸೆಯಿಂದ ತೆಗೆದುಕೊಟ್ಟವರು ಇಟ್ಟ ಹೆಸರು ಅದು, ಆದ್ದರಿಂದಲೇ ಗಟ್ಟಿಯಾಗಿ ನಿಂತಿದೆ ಎಂದು ನಾನು ನಂಬುತ್ತೇನೆ.

ಈಗ ಸೇತುವೆಯ ಮೈಕಟ್ಟಿನ ಬಗ್ಗೆ ಹೇಳುತ್ತೇನೆ. ಇದು ಎರಕದ ಕಬ್ಬಿಣದ್ದು. ಇಂಗ್ಲೆಂಡಿನ ಶ್ರಾಪ್‌ಶೈರ್‌ನಲ್ಲಿರುವ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಭಾಗಭಾಗವಾಗಿ ಎರಕ ಹೊಯ್ದು, ಸಮುದ್ರ ದಾಟಿಸಿ ತಂದು, ಡಬ್ಲಿನ್‌ನಲ್ಲಿ ಜೋಡಿಸಿದರು. ಜಗತ್ತಿನ ಮೊದಲ ದೊಡ್ಡ ಕಬ್ಬಿಣದ ಸೇತುವೆ 1779ರಲ್ಲಿ ಸೆವರ್ನ್ ನದಿಯ ಮೇಲೆ ಎದ್ದದ್ದೂ ಆ ಕುಲುಮೆಗಳ ನೆರೆಯಲ್ಲೇ. ಎರಕದ ಕಬ್ಬಿಣಕ್ಕೆ ಒಂದು ಗುಣವಿದೆ. ಒತ್ತಿದರೆ ಬಹಳ ಭಾರವನ್ನು ತಾಳಿಕೊಳ್ಳುತ್ತದೆ, ಎಳೆದರೆ ಫಟ್ಟನೆ ಬಿರಿಯುತ್ತದೆ. ಆದ್ದರಿಂದ ಅದನ್ನು ಕಮಾನಿನ ಆಕಾರದಲ್ಲಿ ಎರಕ ಹೊಯ್ದರು. ಮೇಲೆ ನಡೆಯುವವರ ತೂಕವೆಲ್ಲ ಕಮಾನಿನುದ್ದಕ್ಕೂ ಒತ್ತಡವಾಗಿಯೇ ಹರಿದು ಎರಡು ದಡದ ಕಲ್ಲಿನ ಕಟ್ಟೆಗಳಿಗೆ ಸೇರುತ್ತದೆ. ಸುಮಾರು 43 ಮೀಟರ್ ಅಗಲದ ಹರಿವನ್ನು ನೀರಿನಲ್ಲಿ ಒಂದೂ ಕಂಬವಿಲ್ಲದೆ ದಾಟಿರುವುದು ಹೀಗೆ. ಅದರ ಚೆಲುವಿಗೂ ಇದೇ ಕಾರಣ. ಅಲಂಕಾರಕ್ಕೆಂದು ಕೊಟ್ಟ ಬಾಗಲ್ಲ ಅದು, ಕಬ್ಬಿಣಕ್ಕೆ ಬೇಕಾಗಿದ್ದ ಬಾಗು.

ನಮ್ಮ ಕರಾವಳಿಯಲ್ಲಿ, ಮಲೆನಾಡಿನಲ್ಲಿ ಹಳ್ಳಕ್ಕೆ ಹಾಕಿದ ಕಾಲುಸಂಕದ ಮೇಲೆ ಎದುರಿನಿಂದ ಇನ್ನೊಬ್ಬರು ಬಂದರೆ ಒಬ್ಬರು ನಿಂತು ದಾರಿ ಕೊಡುತ್ತೇವಲ್ಲ, ಅದೇ ಮರ್ಯಾದೆ ಈ ಮಹಾನಗರದ ನಡುವೆಯೂ ಇದೆ. ಮಗಳ ಮನೆಗೆ ಹೋಗಿದ್ದಾಗ, ನವೆಂಬರ್ ಕೊನೆಯ ವಾರದಲ್ಲಿ, ನಾನು ಅದರ ಮೇಲೆ ಒಂದು ಗಂಟೆ ನಿಂತಿದ್ದೆ. ಸಂಜೆ ನಾಲ್ಕೂವರೆಗೇ ಕತ್ತಲಾಗಿತ್ತು, ಜಿಟಿಜಿಟಿ ಮಳೆ. ಸೇತುವೆಯ ಅಗಲ ಸುಮಾರು ಹನ್ನೆರಡು ಅಡಿ. ತಲೆಯ ಮೇಲೆ ಎರಡೂ ಬದಿಯಿಂದ ಬಾಗಿ ಬಂದ ಕಬ್ಬಿಣದ ಬಳ್ಳಿಗಳು ನಡುವೆ ಕೂಡಿ ಒಂದೊಂದು ಲಾಂದ್ರವನ್ನು ಎತ್ತಿ ಹಿಡಿದಿವೆ. ಅಂಥವು ಮೂರು. ಕೆಳಗೆ ನಡೆದರೆ ಮದುವೆಮನೆಯ ಚಪ್ಪರದ ಕೆಳಗೆ ನಡೆದ ಹಾಗೆ. ಕೊಡೆ ಹಿಡಿದವರು ಎದುರಾದಾಗ ಒಬ್ಬರು ಕೊಡೆ ಎತ್ತುತ್ತಿದ್ದರು, ಇನ್ನೊಬ್ಬರು ತಗ್ಗಿಸುತ್ತಿದ್ದರು. ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಲಿಫಿಗೆ ಆ ಊರಿನಲ್ಲಿ ಸಮುದ್ರದ ಉಬ್ಬರ ಇಳಿತ ತಟ್ಟುತ್ತದೆ. ಇಳಿತದಲ್ಲಿ ಗೋಡೆಯ ಪಾಚಿಯೂ ಕೆಸರೂ ಕಾಣುತ್ತವೆ. ನಾನು ನಿಂತಾಗ ಉಬ್ಬರ. ದಡಕ್ಕೆ ಬಂದು ತಿರುಗಿ ನೋಡಿದರೆ ಬಿಳಿಯ ಕಮಾನೂ ನೀರೊಳಗಿನ ಅದರ ನೆರಳೂ ಕೂಡಿ ಕಣ್ಣಿನ ಆಕಾರವಾಗಿತ್ತು.

ಈ ಸೇತುವೆ ಒಮ್ಮೆ ಅಳಿಯುವುದರಲ್ಲಿತ್ತು. 1913ರ ಹೊತ್ತಿಗೆ, ಹ್ಯೂ ಲೇನ್ ಎಂಬ ಕಲಾಸಂಗ್ರಾಹಕನ ಚಿತ್ರಗಳಿಗಾಗಿ ಇದೇ ಜಾಗದಲ್ಲಿ, ನದಿಯ ಮೇಲೆಯೇ ಒಂದು ಚಿತ್ರಶಾಲೆ ಕಟ್ಟುವ ನಕ್ಷೆ ಸಿದ್ಧವಾಯಿತು. ಬರೆದವನು ಎಡ್ವಿನ್ ಲುಟ್ಯೆನ್ಸ್, ಹೊಸದಿಲ್ಲಿಯನ್ನು ರೂಪಿಸಿದವನೇ. ನಗರಸಭೆ ಒಪ್ಪಲಿಲ್ಲ. ಲೇನ್ 1915ರಲ್ಲಿ ಲುಸಿಟಾನಿಯಾ ಹಡಗಿನೊಂದಿಗೆ ಮುಳುಗಿದ. ಚಿತ್ರಗಳು ತಪ್ಪಿದ್ದಕ್ಕೆ ಡಬ್ಲಿನ್ ಬಹುಕಾಲ ಮರುಗಿತು, ಆ ಮರುಕ ನ್ಯಾಯವಾದದ್ದೇ. ಆದರೂ ಸೇತುವೆ ಉಳಿಯಿತಲ್ಲ ಎಂದು ನನಗೆ ಸಮಾಧಾನ.

ಅದನ್ನು ಉಳಿಸಿದ ಇನ್ನೊಂದು ಬಗೆಯ ಕೆಲಸವನ್ನು ಹೇಳದೆ ಮುಗಿಸಲಾರೆ. 1999ರಲ್ಲಿ ನದಿಯ ಮೇಲ್ಭಾಗದ ಕಡೆಗೆ ತುಸು ದೂರದಲ್ಲಿ ಇನ್ನೊಂದು ಪಾದಚಾರಿ ಸೇತುವೆ ಬರುವವರೆಗೆ ನಗರದೊಳಗೆ ಲಿಫಿಯ ಮೇಲೆ ನಡೆಯುವವರಿಗೆಂದೇ ಇದ್ದದ್ದು ಇದೊಂದೇ. ದಿನಕ್ಕೆ ಸುಮಾರು 30,000 ಜನ ತುಳಿದು ತುಳಿದು ಸೇತುವೆ ಸವೆದಿತ್ತು. 2001ರಲ್ಲಿ ದುರಸ್ತಿ ಮಾಡಿದಾಗ ಕಟಕಟೆಯ ಸಾವಿರಕ್ಕೂ ಹೆಚ್ಚು ತುಂಡುಗಳನ್ನು ಬಿಚ್ಚಿದರು. ಒಂದೊಂದಕ್ಕೂ ಗುರುತಿನ ಚೀಟಿ ಕಟ್ಟಿ, ಟೈಟಾನಿಕ್ ಹಡಗನ್ನು ಕಟ್ಟಿದ ಬೆಲ್‌ಫಾಸ್ಟಿನ ಹಾರ್ಲ್ಯಾಂಡ್ ಅಂಡ್ ವುಲ್ಫ್ ಕಾರ್ಖಾನೆಗೆ ಕಳಿಸಿ, ಸರಿಪಡಿಸಿ ತಂದು, ಪ್ರತಿಯೊಂದನ್ನೂ ಅದರದೇ ಜಾಗಕ್ಕೆ ಕೂಡಿಸಿದರು. ಹಳೆಯ ಕಟಕಟೆಯಲ್ಲಿ 85 ಶೇಕಡಾ ಹಾಗೆಯೇ ಉಳಿಯಿತು. ಬಣ್ಣವನ್ನೂ ಮೊದಲಿನ ಕೆನೆಬಿಳಿಗೆ ಮರಳಿಸಿದರು. ತುಕ್ಕು ಹಿಡಿದದ್ದನ್ನು ಗುಜರಿಗೆ ಹಾಕಿ ಹೊಸದನ್ನು ಎರಕ ಹೊಯ್ಯುವುದು ಎಷ್ಟು ಸುಲಭವಿತ್ತು, ಯೋಚಿಸಿ. ಪ್ರೇಮಿಗಳು ಕಂಬಿಗೆ ಬೀಗ ಹಾಕುವ ರೂಢಿ ಬಂದಾಗಲೂ ನಗರಸಭೆ ಬೀಗಗಳನ್ನು ಕತ್ತರಿಸಿ ತೆಗೆಸಿತು. ನನಗೆ ಅದೂ ಸರಿಯೆನಿಸುತ್ತದೆ.

ಆ ಸಂಜೆ ನಾನು ಕಂಬಿಯ ಮೇಲೆ ಕೈಯಿಟ್ಟೆ. ಬಣ್ಣದ ಅಡಿಯಲ್ಲಿ ಎರಕದ ಒರಟು ಬೆರಳಿಗೆ ತಾಗಿತು. ದಕ್ಷಿಣದ ತುದಿಯಲ್ಲಿ ಇಳಿದರೆ ಎದುರಿಗೆ ಮರ್ಚೆಂಟ್ಸ್ ಆರ್ಚ್ ಎಂಬ ಕಲ್ಲಿನ ಕಮಾನುದಾರಿ, ಬಲಕ್ಕೆ ನದಿಯ ದಂಡೆಯುದ್ದಕ್ಕೂ ಸಾಗುವ ರಸ್ತೆ. ಆ ರಸ್ತೆಗೆ ಇಂದಿಗೂ ವೆಲ್ಲಿಂಗ್ಟನ್ ಕೀ, ಅಂದರೆ ವೆಲ್ಲಿಂಗ್ಟನ್ ದಂಡೆ, ಎಂಬ ಹೆಸರಿದೆ. ಮಗಳು ಅಲ್ಲಿ ಬಸ್ಸಿಗೆ ಕಾಯುತ್ತಿದ್ದಳು. "ಅಪ್ಪ, ಎಲ್ಲಿದ್ದೀರಿ?" ಎಂದು ಫೋನಿನಲ್ಲಿ ಕೇಳಿದಾಗ, "ಅರೆಕಾಸಿನ ಸೇತುವೆಯ ಮೇಲೆ" ಎಂದೆ. ಅವಳಿಗೆ ಕೂಡಲೇ ತಿಳಿಯಿತು.